ಮೊದಲ ತಟ್ಟೆ

ಪಿಳ್ಳಮ್ಮನ ಗಂಡ ದೊಡ್ಡಮುನಿಯಪ್ಪ ನಾಗಸಂದ್ರದಲ್ಲಿ ತಮ್ಮ ಕುಲಕ್ಕೆ ಯಜಮಾನ. ಕುಲದಲ್ಲಿ ಯಾರ ಮನೆಯಲ್ಲಿ ಕುರಿ ಕೊಯ್ದರೂ ಅದರ ಈಲಿಯನ್ನು, ಎಂದರೆ ಲಿವರನ್ನು, ಮೆಣಸು ಹಾಕಿ ಹುರಿದು, ಮೊದಲ ತಟ್ಟೆಯನ್ನು ಯಜಮಾನನ ಮುಂದಿಡಬೇಕು. ಅವನು ಬಾಯಿಗಿಟ್ಟ ಮೇಲೆಯೇ ಉಳಿದವರಿಗೆ ಊಟ. ನೇಗಿಲು ಹಿಡಿಯುತ್ತಿದ್ದ ಕಾಲದಲ್ಲಿ ಕುರಿ ಕೊಯ್ಯುತ್ತಿದ್ದದ್ದೇ ಅಪರೂಪ. ತಿಂದದ್ದು ಬೆವರಾಗಿ ಹೋಗುತ್ತಿತ್ತು. ಆಮೇಲೆ ಪೀಣ್ಯದ ಕಾರ್ಖಾನೆಗಳು ಬಂದವು. ಹೊಲ ಹೋಗಿ ಬಾಡಿಗೆ ಮನೆಗಳ ಸಾಲು ಎದ್ದಿತು. ಗಂಡಸರಿಗೆ ಜಗಲಿಯ ಮೇಲೆ ಕೂರುವುದೇ ಕೆಲಸವಾಯಿತು. ಮಗು ಹುಟ್ಟಿದರೆ ಕುರಿ, ಮನೆಗೆ ಮೋಲ್ಡು ಹಾಕಿದರೆ ಕುರಿ, ಹೊಸ ಸ್ಕೂಟರಿಗೆ ಪೂಜೆ ಮಾಡಿದರೂ ಕುರಿ. ಎಲ್ಲ ಕಡೆಯೂ ಮೊದಲ ತಟ್ಟೆ ದೊಡ್ಡಮುನಿಯಪ್ಪನಿಗೆ. ಅವನಿಗಿಂತ ಮುಂಚೆ ಅವನ ಹೊಟ್ಟೆ ಬಾಗಿಲು ದಾಟತೊಡಗಿತು.

ಒಂದು ಬೆಳಿಗ್ಗೆ ಬಲಗಾಲಿನ ಹೆಬ್ಬೆರಳು ಊದಿ ಕೆಂಪಗಾಯಿತು. "ಚಪ್ಲಿ ಕಚ್ಚೈತೆ ಕಣೇ" ಅಂದ. ಕಂಬಳಿಯ ಅಂಚು ತಾಗಿದರೂ ಕಿರುಚುತ್ತಿದ್ದ. ಕಾಲು ನೋವಿಗೆ ಕಾಲು ಸೂಪು, ಇದು ಪಿಳ್ಳಮ್ಮನ ತಾಯಿ ಹೇಳಿಕೊಟ್ಟಿದ್ದ ಮದ್ದು. ಅವಳು ದಿನಾ ಕುರಿಕಾಲು ಸುಟ್ಟು, ಜಜ್ಜಿ, ಸೌದೆ ಒಲೆಯ ಮೇಲೆ ಬೇಯಿಸಿ, ಬಿಸಿಬಿಸಿಯಾಗಿ ಲೋಟಕ್ಕೆ ಬಸಿದು ಕೊಟ್ಟಳು. ನೋವು ಹೋಯಿತು, ಮತ್ತೆ ಬಂತು. ಬಂದಾಗಲೆಲ್ಲ ಇನ್ನೆರಡು ಕಾಲು ಜಾಸ್ತಿ ಹಾಕಿದಳು. ಅಷ್ಟು ಅಕ್ಕರೆಯಿಂದ ಯಾರೂ ಯಾರಿಗೂ ವಿಷ ಹಾಕಿರಲಾರರು.

ಕೊನೆಗೆ ತುಮಕೂರು ರಸ್ತೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು.

"ಇವರ ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿ ಇದೆ ಕಣಮ್ಮ. ಹರಳು ಹರಳಾಗಿ ಕೀಲಲ್ಲಿ ಕೂತ್ಕೊಂಡು ಚುಚ್ತಿದೆ. ಅದೊಂದೇ ಬಂದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ರಕ್ತದಲ್ಲಿ ಕೊಬ್ಬು, ಈ ಹೊಟ್ಟೆ, ಎಲ್ಲಾ ಒಟ್ಟಿಗೇ ಇದೆ. ಇವು ಹೆಚ್ಚಾಗಿ ಜೊತೆಜೊತೆಗೇ ಇರ್ತವೆ. ನೀವು ಬೆರಳು ನೋವು ಅಂತ ಬಂದ್ರಿ, ನಂಗೆ ಇವರ ಹೃದಯದ್ದೇ ಯೋಚನೆ. ಲಿವರ್ರು, ಕುಡಿತ ಎಲ್ಲಾ ಬಿಡ್ಬೇಕು. ದಿನಾ ನಡೀಬೇಕು."

"ಕಾಲು ಸೂಪು ಕುಡೀಬೋದಾ ಸಾರ್?"

"ಅದನ್ನಂತೂ ಬಿಟ್ಟೇಬಿಡಿ."

ಪಿಳ್ಳಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ಅಂದಿನಿಂದ ಅವಳ ಒಲೆಯ ಮೇಲೆ ಸೂಪು ಕುದಿಯಲಿಲ್ಲ. ಆದರೆ ಊರಿನ ಒಲೆಗಳನ್ನು ಅವಳು ಆರಿಸುವುದೆಲ್ಲಿಂದ ಬಂತು?

"ಮೊದ್ಲ ತಟ್ಟೆ ತಳ್ಳುದ್ರೆ ಯಜಮಾನಿಕೆ ನನ್ ತಮ್ಮುನ್ ಮನೆಗೆ ಓಯ್ತದೆ. ಆ ಸೊಣ್ಣಪ್ಪ ಅದುಕ್ಕೇ ಕಾಯ್ತಾವ್ನೆ" ಎಂದು ದೊಡ್ಡಮುನಿಯಪ್ಪ ಗದರಿದ. ಹೊಲ ಹೋದ ಮೇಲೆ ಅವನ ದೊಡ್ಡಸ್ತಿಕೆಗೆ ಉಳಿದಿದ್ದದ್ದು ಆ ತಟ್ಟೆಯೊಂದೇ. ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಯಾರದೋ ಬಾಡೂಟ ಮುಗಿಸಿ ಬಂದವನು ಜಗಲಿಯ ಮೇಲೆ ಎದೆ ಹಿಡಿದುಕೊಂಡು ಕುಸಿದ. ಮತ್ತೆ ಏಳಲಿಲ್ಲ.

ತಿಥಿಯ ದಿನ ಮಗ ಲಕ್ಷ್ಮಣಪ್ಪನಿಗೆ ಪೇಟ ಕಟ್ಟಿ ಯಜಮಾನನನ್ನಾಗಿ ಮಾಡಿದರು. ಕುಂಕುಮ ಅಳಿಸಿದ ಹೆಂಗಸು ಮೊದಲ ತಟ್ಟೆಯನ್ನು ಮುಟ್ಟಿದರೆ ಮೈಲಿಗೆ. ಹಾಗಾಗಿ ಪಿಳ್ಳಮ್ಮನನ್ನು ಹಿತ್ತಿಲ ಬಾಗಿಲ ಬಳಿ ಕೂರಿಸಿದ್ದರು. ಪೇಟ ತೊಟ್ಟ ಮಗ ಪಂಕ್ತಿಯ ಕಡೆಗೆ ಕುಂಟಿಕೊಂಡು ಬಂದ. ಪಿಳ್ಳಮ್ಮನ ಕಣ್ಣು ಅವನ ಕಾಲಿಗೆ ಹೋಯಿತು.

"ಕಾಲ್ಗೇನಾಯ್ತ್ಲಾ?"

"ಏನಿಲ್ಲ ಕಣವ್ವ, ಚಪ್ಲಿ ಕಚ್ಚೈತೆ."

ಸೊಸೆ ವಸಂತಮ್ಮ ಹುರಿದ ಈಲಿಯ ತಟ್ಟೆಯನ್ನು ತಂದು ಗಂಡನ ಮುಂದಿಟ್ಟಳು. ಪಿಳ್ಳಮ್ಮ ಎದ್ದಳು. ಕೂತವರ ನಡುವೆ ದಾರಿ ಮಾಡಿಕೊಂಡು ಹೋಗಿ, ಎಲ್ಲರೂ ನೋಡುತ್ತಿದ್ದಂತೆ ಆ ತಟ್ಟೆಯೊಳಕ್ಕೆ ತನ್ನ ಬೋಳು ಕೈಗಳೆರಡನ್ನೂ ಊರಿದಳು.

"ಮೈಲ್ಗೆ ಆಯ್ತು. ಇನ್ನು ತಿನ್ನಂಗಿಲ್ಲ. ಇವ್ನ ಅಪ್ಪುಂಗೂ ಮೊದ್ಲು ಚಪ್ಲೀನೇ ಕಚ್ಚಿದ್ದು! ಡಾಕುಟ್ರು ಏಳಿದ್ದು ನಾನು ಕಿವಿಯಾರ ಕೇಳಿವ್ನಿ, ಬೆರಳಿಗೆ ಬಂದಿದ್ದು ಎದೆ ಮುಟ್ಟದೆ ಬಿಡಾಕಿಲ್ಲ!"

ಇಷ್ಟು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಪಾಪ, ದುಕ್ಕುಕ್ಕೆ ತಲೆ ಕೆಟ್ಟೋಗೈತೆ" ಎಂದು ಹೆಂಗಸರು ತೋಳು ಹಿಡಿದು ಅವಳನ್ನು ಹಿತ್ತಿಲಿಗೆ ಎಳೆದೊಯ್ದರು. ಸೊಣ್ಣಪ್ಪ ಮೀಸೆಯಡಿ ನಕ್ಕ. "ತಟ್ಟೆ ತಪ್ಪೋಯ್ತಲ್ಲಪ್ಪಾ ಲಕ್ಷ್ಮಣ" ಅಂದ.

ಅಷ್ಟು ಸಾಕಾಯಿತು. ಲಕ್ಷ್ಮಣಪ್ಪ ಸ್ಕೂಟರು ಕಳಿಸಿ ಇನ್ನೊಂದು ಈಲಿ ತರಿಸಿದ. ಹುರಿಯುವವರೆಗೂ ಕುಲವೆಲ್ಲ ಹಸಿದುಕೊಂಡು ಕಾಯಿತು. ಹೊಸ ತಟ್ಟೆ ಬಂದಾಗ ಅವನು ಅವ್ವನ ಕಡೆ ತಿರುಗಿ ಕೂತು, ಒಂದು ಚೂರೂ ಬಿಡದೆ ತಿಂದ. ಡಾಕ್ಟರ ಮಾತು ಇಡೀ ಊರಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳ ಮಾತು ಯಾರಿಗೆ ಬೇಕು?

ಸಂಜೆ ನೆಂಟರು ಹೋದ ಮೇಲೆ ಲಕ್ಷ್ಮಣಪ್ಪ ಅಪ್ಪನ ಜಗಲಿಯ ಮೇಲೆ ಕಾಲು ಚಾಚಿ ಕೂತ. ಹಿತ್ತಿಲಲ್ಲಿದ್ದ ಪಿಳ್ಳಮ್ಮನಿಗೆ ಅವನ ದನಿ ಕೇಳಿಸಿತು.

"ವಸಂತಾ, ಕಾಲು ಸಿಡೀತಾ ಐತೆ. ಬೆಳಿಗ್ಗೆ ಕಾಲು ಸೂಪು ಮಾಡು. ಎಂಗೆ ಅಂತ ಅವ್ವುನ್ನ ಕೇಳ್ಕೊ, ಅಪ್ಪುಂಗೆ ದಿನಾ ಮಾಡಿ ಕುಡುಸ್ತಿದ್ದಿದ್ದು ಅವ್ಳೇಯ."