ಕಾರು ಒಪ್ಪಿಸಿದ ಚೀಟಿ

ಕೊಟ್ಟೂರಿನ ಬ್ಯಾಂಕಿನಲ್ಲಿ ಮ್ಯಾನೇಜರು ಕಂಪ್ಯೂಟರಿನ ಪರದೆಯನ್ನು ಗಾದಿಲಿಂಗನ ಕಡೆಗೆ ತಿರುಗಿಸಿದರು.

"ನಿಮ್ಮ ಕ್ರೆಡಿಟ್ ರಿಪೋರ್ಟಿನಾಗ ಒಂದು ಕಾರ್ ಐತಿ ನೋಡ್ರಿ. ಐದು ತಿಂಗಳ ಬಾಕಿ."

"ನಂದು ಸೈಕಲ್ರಿ, ಸಾಹೇಬ್ರ. ಅದಕ್ಕೂ ಬೆಲ್ ಇಲ್ಲ."

ಮ್ಯಾನೇಜರು ನಗಲಿಲ್ಲ. "ಕಾರ್ ನಯಾಜನ ಗ್ಯಾರೇಜಿನ ಹೆಸರಿಗೆ ಲೀಸ್ ಆಗೇತಿ. ಜಾಮೀನು ಸಹಿ ನಿಮ್ದು. ಗ್ಯಾರೇಜಿನವರು ಕಟ್ಟಲಿಲ್ಲಂದ್ರ ಬರಿಯೋದು ನಿಮ್ಮ ಹೆಸರಿಗೇ. ಕಾರ್ ತಿರುಗಿ ಕೊಟ್ಟಿದ್ರ, ಒಪ್ಪಿಸಿದ ಚೀಟಿ ತರ್ರಿ, ತಿದ್ದಿಸೋಣು. ಅಲ್ಲೀತನ ಮನಿ ಸಾಲ ಆಗೂದಿಲ್ಲ."

ಗಾದಿಲಿಂಗ ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್. ಮೆಕ್ಯಾನಿಕ್ ನಯಾಜ ಅವನ ಗೆಳೆಯ. ಮೊಹರಂ ಬಂತೆಂದರೆ ನಯಾಜ ಪದ ಎತ್ತುವವನು, ಗಾದಿಲಿಂಗ ಹಿಂದೆ ನಿಂತು ದನಿ ಕೂಡಿಸುವವನು. ದಾವಣಗೆರೆ ಆಸ್ಪತ್ರೆಗೆ ಹೋಗುವವರಿಗೆಂದು ನಯಾಜ ಕಾರು ಲೀಸಿಗೆ ತಂದಾಗ, ಸಂಬಳದವರೊಬ್ಬರ ಸಹಿ ಬೇಕೆಂದಿತು ಕಂಪನಿ. "ಲೇ, ಪದದಾಗ ಹಿಂದ ನಿಂತಂಗ ಇದರಾಗೂ ನಿಲ್ಲೋ," ಎಂದಿದ್ದ ನಯಾಜ. ಗಾದಿಲಿಂಗ ಓದದೆಯೇ ಸಹಿ ಹಾಕಿದ್ದ. ಎರಡು ವರ್ಷ ಒಂದು ತಿಂಗಳೂ ತಪ್ಪಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಗ್ಯಾರೇಜಿನಲ್ಲೇ, ಎದೆ ಹಿಡಿದುಕೊಂಡು ಕುಳಿತ ನಯಾಜ ಮೇಲೇಳಲಿಲ್ಲ.

ಹದಿನೈದು ದಿನಕ್ಕೆ ಗಾದಿಲಿಂಗನೇ ಫೋನ್ ಮಾಡಿ, ಕಾರು ಒಪ್ಪಿಸಲು ಕಂಪನಿಯವನನ್ನು ಕರೆಸಿದ. ನಯಾಜನ ಹೆಂಡತಿ ಜರೀನಾ ಗಂಡ ತೀರಿದ ಮೇಲಿನ ಇದ್ದತ್‌ನಲ್ಲಿದ್ದಳು, ಹೊರಗೆ ಬರುವಂತಿರಲಿಲ್ಲ. ಪರದೆಯ ಹಿಂದಿನಿಂದ ಗಾದಿಲಿಂಗನ ಹೆಂಡತಿ ಮಾಲಾಗೆ ಹೇಳಿದಳು: "ಅಕ್ಕಾ, ಬರಿದು ಕಳಿಸಬ್ಯಾಡ್ರಿ ಅದನ್ನ. ಎರಡು ವರ್ಷ ನಮಗ ಅನ್ನ ಹಾಕೇತಿ." ಮಾಲಾ ಕಾರಿನ ಮುಂದಿನ ಸೀಟಿಗೆ ಅಕ್ಕಿ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು ಇಟ್ಟು, ತವರಿನಿಂದ ಹೊರಟ ಮಗಳಿಗೆ ತುಂಬಿದ ಹಾಗೆ ಉಡಿ ತುಂಬಿದಳು. ಕಂಪನಿಯವನು ನಾಚಿ ಕೈ ಮುಗಿದು ಕಾರು ಹೊರಡಿಸಿದ.

ಕಾರು ಓಣಿಯ ತಿರುವು ಮುಟ್ಟುವಾಗ ಗಾದಿಲಿಂಗನಿಗೆ ನೆನಪಾಯಿತು. ಕಾರು ಒಪ್ಪಿಸಿಕೊಂಡ ಚೀಟಿ ಅವನು ಕೊಟ್ಟೇ ಇಲ್ಲ. ಕೂಗಲು ಕೈ ಎತ್ತಿದ. ಮಾಲಾ ಅವನ ಅಂಗಿ ಹಿಡಿದಳು.

"ಉಡಿ ತುಂಬಿ ಕಳಿಸಿದ್ದನ್ನ ಹಿಂದಿನಿಂದ ಕರೀಬಾರ್ದು. ನಾಳೆ ಫೋನ್ ಮಾಡ್ರಿ."

ಮರುದಿನ ಮಾಡಿದ. ಕಳಿಸುತ್ತೇವೆ ಎಂದರು. ಆಮೇಲೆ ಆ ಮನುಷ್ಯ ಕೆಲಸವನ್ನೇ ಬಿಟ್ಟುಹೋಗಿದ್ದ. ಕಂಪನಿಯ ಲೆಕ್ಕದಲ್ಲಿ ಕಾರು ತಿರುಗಿ ಬಂದದ್ದು ಐದು ತಿಂಗಳು ತಡವಾಗಿ. ಅವರ ನೋಟೀಸುಗಳೆಲ್ಲ ಮುಚ್ಚಿದ ಗ್ಯಾರೇಜಿನ ಶಟರ್ ಕೆಳಗೆ ಧೂಳು ತಿನ್ನುತ್ತ ಬಿದ್ದಿದ್ದವು.

ಗಾದಿಲಿಂಗ ಸಾಲ ಕೇಳಿದ್ದು ಹದಿನೈದು ವರ್ಷದಿಂದ ಬಾಡಿಗೆಗಿದ್ದ ಮನೆಯನ್ನು ಕೊಳ್ಳಲು. ಮಾಲೀಕ ಯರ್ರೆಪ್ಪ ಮಾರುವ ಮೊದಲು ಇವರನ್ನೇ ಕೇಳಿದ್ದ. ಯುಗಾದಿಯ ತನಕ ಕಾಯುತ್ತೇನೆ ಎಂದಿದ್ದ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನ ಗೆರೆಗಳಿದ್ದವು, ಮಗಳು ಶ್ರುತಿಯ ಒಂದೊಂದು ಹುಟ್ಟುಹಬ್ಬಕ್ಕೆ ಒಂದೊಂದು. ಏಳನೆಯ ಗೆರೆಯ ಮೇಲೆ ಗೆರೆಯಿರಲಿಲ್ಲ. ಆ ವರ್ಷದ ಜ್ವರದಿಂದ ಮಗು ಏಳಲಿಲ್ಲ.

ಆ ಸಂಜೆ ಮಾಲಾ ಕೇಳಿದಳು. "ಏನಂದ್ರು ಬ್ಯಾಂಕಿನಾಗ?"

"ಒಂದು ಕಾಗದ ಕಮ್ಮಿ ಬಿದ್ದೈತಂತ."

"ಯಾವ ಕಾಗದ?"

ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿದ. ಮಾಲಾ ಹಿಡಿದಿದ್ದ ಚೊಂಬನ್ನು ಕೆಳಗಿಟ್ಟಳು.

"ನಾನು ಅಂಗಿ ಹಿಡಿದ ದಿನದ್ದಾ?"

"ನೀ ಹಿಡೀಲಿಲ್ಲಂದ್ರೂ ನಾ ಕರೀತಿದ್ದಿಲ್ಲ ಬಿಡು," ಎಂದ ಗಾದಿಲಿಂಗ. ಮದುವೆಯಾದ ಮೇಲೆ ಅವಳಿಗೆ ಅವನು ಹೇಳಿದ ಸುಳ್ಳು ಅದೊಂದೇ ಇರಬೇಕು. ಅವಳು ಅದನ್ನು ನಂಬಲೂ ಇಲ್ಲ.

ತಕರಾರು ಅರ್ಜಿ ಹಾಕಿದರು. ಚೀಟಿಯಿಲ್ಲದೆ ತಿದ್ದಲಾಗದು ಎಂಬ ಉತ್ತರ ಬಂತು. ಯುಗಾದಿ ಕಳೆಯಿತು. ಹಗರಿಬೊಮ್ಮನಹಳ್ಳಿಯವರೊಬ್ಬರು ಯರ್ರೆಪ್ಪನಿಗೆ ಮುಂಗಡ ಕೊಟ್ಟರು. ಮನೆ ಕೆಡವಿ ಅಂಗಡಿ ಸಾಲು ಎಬ್ಬಿಸುವವರಿದ್ದರು.

"ಒಂದು ವಾರ ಹೆಚ್ಚಿಗಿ ಕಾದ್ನೆಪಾ ಗಾದಿಲಿಂಗ," ಎಂದ ಯರ್ರೆಪ್ಪ, ಮುಖ ನೋಡದೆ. "ಇನ್ನ ನನ್ನ ಕೈಯಾಗಿಲ್ಲ."

ಮನೆ ಬಿಡುವ ದಿನ ಗೂಡ್ಸ್ ಆಟೋ ಮುಂದೆ ಹೋಯಿತು. ಗಾದಿಲಿಂಗ ಸೈಕಲ್ ತಳ್ಳಿಕೊಂಡು ಓಣಿಯ ತಿರುವಿನ ತನಕ ಬಂದಿದ್ದ.

"ಏನ್ರೀ. ನಿಲ್ರಿ."

ಇಷ್ಟು ವರ್ಷದಲ್ಲಿ ಮಾಲಾ ಅವನನ್ನು ಹಿಂದಿನಿಂದ ಕರೆದದ್ದೇ ಇಲ್ಲ. ಸೈಕಲ್ ಗೋಡೆಗೆ ಆನಿಸಿ ಅವನು ತಿರುಗಿ ಬಂದ.

ಬರಿದಾದ ಅಡುಗೆಮನೆಯ ಬಾಗಿಲಲ್ಲಿ ಮಾಲಾ ಬಿಳಿ ದಾರದ ಉಂಡೆ ಹಿಡಿದು ನಿಂತಿದ್ದಳು. "ತುದಿ ಹೊಸ್ತಿಲಕ್ಕ ಒತ್ತಿ ಹಿಡೀರಿ," ಎಂದಳು.

ಗಾದಿಲಿಂಗ ಕುಕ್ಕರುಗಾಲಲ್ಲಿ ಕುಳಿತು ದಾರದ ತುದಿಯನ್ನು ಹೆಬ್ಬೆರಳಿನಿಂದ ಹೊಸ್ತಿಲಿಗೆ ಒತ್ತಿದ. ಮಾಲಾ ದಾರವನ್ನು ಚೌಕಟ್ಟಿನ ಗುಂಟ ಮೇಲಕ್ಕೆಳೆದು, ಒಂದೊಂದು ಗೆರೆಗೆ ಒಂದೊಂದು ಗಂಟು ಹಾಕುತ್ತ ಹೋದಳು. ಏಳು ಗಂಟುಗಳಾದವು. ಏಳನೆಯದು ಅವಳ ಎದೆಯ ಮಟ್ಟಕ್ಕೂ ಬಂದಿರಲಿಲ್ಲ.

"ಆತು, ಬಿಡ್ರಿ," ಎಂದಳು.

ಅವನು ಹೆಬ್ಬೆರಳನ್ನು ಹಾಗೆಯೇ ಒತ್ತಿ ಹಿಡಿದು ಕುಳಿತಿದ್ದ.