ಮೂರನೆಯ ಚೆಂಡು

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹತ್ತು ವರ್ಷದ ಮಗಳನ್ನು ಎಲ್ಲರೂ ಚಿಲಿಪಿಲಿ ಎನ್ನುತ್ತಿದ್ದರು. ಹಲ್ಲುಜ್ಜುವಾಗಲೂ ಅವಳ ಬಾಯಿಗೆ ಬಿಡುವಿರಲಿಲ್ಲ. ಸಾಂಕ್ರಾಮಿಕ ಬಂದು ಶಾಲೆ ಮುಚ್ಚಿದ ಮೇಲೆ ಗೆಳತಿಯರಿಗೆ ಹೇಳಬೇಕಾದದ್ದನ್ನೆಲ್ಲ ಜೊತೆಗೇ ಇದ್ದ ಅಜ್ಜನ, ಎಂದರೆ ಅಮ್ಮನ ತಂದೆಯ, ಕಿವಿಗೆ ಸುರಿದಳು. ಆಮೇಲೆ ಒಂದೇ ವಾರದಲ್ಲಿ ಅಜ್ಜ, ಮೊಮ್ಮಗಳು ಇಬ್ಬರೂ ಜ್ವರ, ಕೆಮ್ಮಿನಿಂದ ಆಸ್ಪತ್ರೆ ಸೇರಿದರು.

ಹದಿನೆಂಟು ದಿನಕ್ಕೆ ಇಬ್ಬರೂ ಗೆದ್ದು ಬಂದರು. ಆದರೆ ಚಿಲಿಪಿಲಿಗೆ ಮೂರು ಮಾತಾಡುವಷ್ಟರಲ್ಲಿ ಏದುಸಿರು. ಹೇಳಹೊರಟದ್ದನ್ನು ಅರ್ಧಕ್ಕೇ ನುಂಗಿ ನುಂಗಿ, ಕೊನೆಗೆ ಮಾತಾಡುವುದನ್ನೇ ಬಿಟ್ಟಳು. ಸುಮ್ಮನಾದ ಮನೆಯಲ್ಲಿ ಅಮ್ಮನಿಗೆ ಹೊಲಿಗೆಗೆ ಕೈಯೇ ಓಡುತ್ತಿರಲಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ ನರ್ಸಮ್ಮ, ಶ್ವಾಸಕೋಶ ಬಲವಾಗಲೆಂದು ಇಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಕೊಳವೆಯಿಂದ ಉಸಿರೆಳೆದರೆ ಒಳಗಿನ ಮೂರು ಚೆಂಡುಗಳು ಒಂದೊಂದಾಗಿ ಏಳಬೇಕು. ಚಿಲಿಪಿಲಿ ಮೊದಲ ದಿನವೇ ಅದನ್ನು ಮಂಚದ ಕೆಳಗೆ ತಳ್ಳಿದಳು.

"ಪಂದ್ಯ ಕಟ್ತೀಯೇನೇ?" ಎಂದ ಅಜ್ಜ. "ಯಾರ ಮೂರನೇ ಚೆಂಡು ಮೊದ್ಲು ಏಳತ್ತೋ, ಕಿಟಕಿ ಪಕ್ಕದ ಮಂಚ ಅವರಿಗೆ."

ಅವಳು ಬಗ್ಗಿ ಡಬ್ಬಿಯನ್ನು ಎಳೆದುಕೊಂಡಳು.

ಮೊದಲ ವಾರ ಇಬ್ಬರದೂ ಒಂದೊಂದು ಚೆಂಡು ಅಲುಗಿತು. ಮೂರನೇ ವಾರಕ್ಕೆ ಎರಡೆರಡು ಎದ್ದವು. ಒಂದು ಬೆಳಿಗ್ಗೆ ಅಜ್ಜನ ಮೂರೂ ಚೆಂಡುಗಳು ಟಪ್ಪನೆ ಮೇಲೇರಿದವು. "ನೋಡ್ದ್ಯಾ!" ಎಂದು ಅಜ್ಜ ಮೀಸೆ ತಿರುವಿದ.

"ಅಜ್ಜಾ, ಡಬ್ಬಿ ವಾಲಿಸಿ ಹಿಡ್ಕೊಂಡಿದೀಯ, ನಂಗೆ ಕಾಣಲ್ಲ ಅನ್ಕೊಂಡ್ಯಾ, ನೆಟ್ಟಗೆ ಹಿಡೀಬೇಕು ಅಂತ ನರ್ಸಮ್ಮ ಎಷ್ಟ್ ಸಲ ಬಡ್ಕೊಂಡ್ರು, ತಲೆ ನೆರೆತ್ರೂ ಮೋಸ ಮಾಡಕ್ಕೆ ನಾಚ್ಕೆ ಆಗಲ್ವಾ, ಅಮ್ಮಾ, ನಿಮ್ಮಪ್ಪನ್ನ ನೋಡು ಬಾ!"

ಹೊಲಿಗೆ ಯಂತ್ರ ನಿಂತಿತು. ಅಮ್ಮ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿ ಬಂದಳು.

"ಇನ್ನೊಂದ್ಸಲ ಹೇಳೇ."

"ಏನು, ಅಜ್ಜ ಮೋಸ ಮಾಡ್ದ ಅಂತಾನಾ?"

"ಏನಾದ್ರೂ ಹೇಳು. ಆಗ ಹೇಳಿದ್ಯಲ್ಲ, ಹಾಗೇ ಒಂದೇ ಉಸಿರಲ್ಲಿ."

ಚಿಲಿಪಿಲಿ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಏದುಸಿರಿರಲಿಲ್ಲ. ಮತ್ತೆ ಶುರುಮಾಡಿದಳು, ಈ ಸಲ ಅಜ್ಜ ಕದ್ದು ತಿಂದ ಬಿಸ್ಕತ್ತಿನ ಲೆಕ್ಕವೂ ಹೊರಬಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

"ಸೋತೆ ತಾಯೀ, ಮಂಚ ನಿಂದೇ," ಎಂದ ಅಜ್ಜ.

"ಪುಕ್ಸಟ್ಟೆ ಬೇಡ. ಗೆದ್ದೇ ತಗೋತೀನಿ."

ಅದಾದ ನಾಲ್ಕನೆಯ ದಿನ ಅವಳ ಮೂರನೆಯ ಚೆಂಡು ಎದ್ದಿತು, ನೆಟ್ಟಗೆ ಹಿಡಿದ ಡಬ್ಬಿಯಲ್ಲೇ. ಅವಳ ತಲೆದಿಂಬು ಕಿಟಕಿ ಪಕ್ಕದ ಮಂಚಕ್ಕೆ ಹೋಯಿತು. ಆಮೇಲೆ ಅವಳು ಅಜ್ಜನೆದುರು ಕೂತು ಅವನ ಡಬ್ಬಿಯನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದಳು.

"ಎಳಿ ಅಜ್ಜಾ, ಇನ್ನೂ ಎಳಿ. ನಾನೆಲ್ಲೂ ಹೋಗಲ್ಲ."