ಬಿಳಿ ಗೀರು

"ಮುಂದಿನ ಚಕ್ರದ್ದೇ ಸದ್ದು. ಕಿವಿ ಇರೋ ಯಾರಿಗಾದ್ರೂ ಗೊತ್ತಾಗುತ್ತೆ," ಎಂದು ಮೈದುನ ಸ್ಪ್ಯಾನರನ್ನು ತಗಡಿನ ಮೇಲೆ ಎಸೆದ. ಮುಂಚಕ್ರಕ್ಕೆ ಹೊಸ ಬೇರಿಂಗ್ ಹಾಕಿ ಇನ್ನೂ ಗಂಟೆಯಾಗಿರಲಿಲ್ಲ. ಪಿಕಪ್ಪು ಒಂದು ಸುತ್ತು ಹೋಗಿ, ಅದೇ ಸದ್ದಿನೊಂದಿಗೆ ವಾಪಸ್ಸು ಬಂದು ಬಾಗಿಲಲ್ಲಿ ನಿಂತಿತ್ತು.

ಅವಳ ಗಂಡನ ಅಂತ್ಯಕ್ರಿಯೆಗೆ ಬಂದವರಲ್ಲಿ ಕೊನೆಯ ನೆಂಟರು ಹಿಂದಿನ ಸಂಜೆಯಷ್ಟೇ ಹೊರಟಿದ್ದರು. ಬೆಳಿಗ್ಗೆ ಅಳುವವರೂ ಇರಲಿಲ್ಲ, ಸಮಾಧಾನ ಹೇಳುವವರೂ ಇರಲಿಲ್ಲ. ಅವಳು ಬಟ್ಟೆ ಒಣಹಾಕಿ, ಮನೆಯ ಹಿಂಬಾಗಿಲಿನಿಂದ ಗಂಡನ ಗ್ಯಾರೇಜಿಗೆ ಇಳಿದಿದ್ದಳು. ಒಳಗೆ ಕೂತರೆ ಮೈಯೆಲ್ಲ ಮರಗಟ್ಟಿದಂತಾಗುತ್ತಿತ್ತು.

ಪಿಕಪ್ಪಿನವನು ಐಸ್ ಸಾಗಿಸುವವನು. ಬಾಯಿ ತೆರೆದರೆ ಮುಚ್ಚುವವನಲ್ಲವೆಂದು ಎಲ್ಲರೂ ಅವನನ್ನು ಹಾರ್ನ್ ಎಂದೇ ಕರೆಯುತ್ತಿದ್ದರು.

"ನೋಡಕ್ಕಾ, ನಿಮ್ಮ ಯಜಮಾನ್ರು ಮುಟ್ಟೋಕೆ ಮುಂಚೆ ಗೇರ್ ಹಾಕಿದ್ರೆ ಟಕ್ ಅಂತಿತ್ತು, ಅಷ್ಟೇ. ಟಕ್ ಹೋಯ್ತು. ಈಗ ನಲವತ್ತು ದಾಟಿದ್ರೆ ಗುಂಯ್ ಅಂತ ಹಿಡ್ಕೊಳ್ಳುತ್ತೆ. ಹಲ್ಲಿ ಓಡಿಸಿ ಹಾವು ಬಿಟ್ಟಂಗಾಯ್ತು. ಮಧ್ಯಾಹ್ನದೊಳಗೆ ಆಗ್ಲಿಲ್ಲಾಂದ್ರೆ ನನ್ನ ಮೂರು ಗಾಡೀನೂ ಎದುರುಗಡೆ ಗ್ಯಾರೇಜಿನ ಅಜ್ಜನ ಹತ್ರ ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಗ್ಯಾರೇಜಿನ ಅರ್ಧ ಕೆಲಸ ಆ ಮೂರು ಗಾಡಿಗಳದ್ದೇ. ಅವು ರಸ್ತೆ ದಾಟಿದರೆ ಊರಿನ ಬಾಯಿಯೂ ಜೊತೆಗೆ ದಾಟುತ್ತದೆ: ಅವನು ಹೋದ, ಅವನ ಕೈಗುಣವೂ ಹೋಯಿತು.

ಅವಳು ಹಾರ್ನ್‌ನ ಪಕ್ಕದ ಸೀಟಿನಲ್ಲಿ ಕೂತಳು. ಖಾಲಿ ರಸ್ತೆಯಲ್ಲಿ ನಲವತ್ತು ದಾಟಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಲು ಹೇಳಿದಳು. ವಾಲಿದಾಗ ಭಾರ ಒಂದು ಕಡೆಯ ಚಕ್ರದ ಮೇಲೆ ಬೀಳುತ್ತದೆ. ಕೆಟ್ಟಿರುವುದು ಚಕ್ರದ ಬೇರಿಂಗ್ ಆಗಿದ್ದರೆ ದನಿ ಬದಲಾಗಬೇಕು. ಗುಂಯ್ ಎಂಬುದು ಇದ್ದ ಹಾಗೇ ಇತ್ತು. ಮುಂದಿನಿಂದ ಕೇಳುತ್ತಿದೆ ಎಂದಮಾತ್ರಕ್ಕೆ ಮುಂದೆಯೇ ಹುಟ್ಟಬೇಕಿಲ್ಲ. ಕಬ್ಬಿಣಕ್ಕೆ ಚಾಡಿ ಹೇಳುವ ಬುದ್ಧಿ, ಹಿಂದಿನದನ್ನು ಮುಂದಕ್ಕೆ ಸಾಗಿಸುತ್ತದೆ.

"ಹಿಂದಿನ ಚಕ್ರ ಎತ್ತು," ಎಂದು ವಾಪಸ್ಸು ಬಂದವಳೇ ಮೈದುನನಿಗೆ ಹೇಳಿದಳು.

"ಅತ್ತಿಗೆ, ಇದೇನು ನೀವು ಓದಿದ ಯೂನಿವರ್ಸಿಟಿ ಲ್ಯಾಬಾ?"

"ಹಾಗೇ ಅಂದ್ಕೋ. ಎತ್ತು."

ಗಂಡನ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ಉಕ್ಕಿನ ಕಡ್ಡಿ ಸಿಕ್ಕಿತು. ಒಂದು ತುದಿಯಲ್ಲಿ ಕಿವಿಗೆ ಹಿಡಿಯಲು ಮರದ ಗುಬುಟು.

"ಅದು ಎದುರುಗಡೆ ಅಜ್ಜಂದು," ಎಂದ ಮೈದುನ. "ಹಾರ್ಟ್ ಅಟ್ಯಾಕ್ ಆಗೋ ಹಿಂದಿನ ದಿನ ಅಣ್ಣ ಕೇಳಿ ತಂದಿದ್ದ."

ಹಿಂದಿನ ಚಕ್ರಗಳು ಗಾಳಿಯಲ್ಲಿ ತಿರುಗತೊಡಗಿದವು. ಅವಳು ಕಡ್ಡಿಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸಿದಳು: ನುಣ್ಣನೆಯ ದನಿ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ನಡುವೆ ಹೊತ್ತ ಬೇರಿಂಗಿಗೆ ಮುಟ್ಟಿಸಿದಾಗ ಕಿವಿಯೊಳಗೆ ಜೇನುಗೂಡು ಕೆದಕಿದಂತಾಯಿತು.

ಇಂಜಿನ್ ನಿಲ್ಲಿಸಿ, ಅಡಿಗೆ ತೂರಿ, ಶಾಫ್ಟಿನ ಗ್ರೀಸು ಒರೆಸಿದಳು. ಒಂದರೊಳಗೊಂದು ಹಲ್ಲು ಕೂತಿರುವ ಅದರ ಎರಡು ತುಂಡುಗಳನ್ನು ಬಿಡಿಸುವ ಮುಂಚೆ ಗಂಡ ಎರಡಕ್ಕೂ ತಾಗುವಂತೆ ಬಿಳಿ ಬಣ್ಣದ ಗೀರು ಎಳೆಯುತ್ತಿದ್ದ. "ಗಂಡಹೆಂಡತೀನ ಬೇರೆ ಮಾಡ್ಬಾರ್ದು, ಮಾಡಿದ್ರೆ ಗುರುತಿಟ್ಟು ಮಾಡ್ಬೇಕು," ಎಂದು ನಗುತ್ತಿದ್ದ. ಇಲ್ಲಿ ಗೀರು ಇತ್ತು. ಅರ್ಧ ಮೇಲಿತ್ತು, ಇನ್ನರ್ಧ ಎರಡು ಹಲ್ಲಿನಷ್ಟು ಪಕ್ಕಕ್ಕೆ ಸರಿದಿತ್ತು. ಹಾಗೆ ತಪ್ಪಿ ಕೂತ ಶಾಫ್ಟು ತಿರುಗುವಾಗ ನಡುಗಿ, ನಡುವಿನ ಬೇರಿಂಗನ್ನು ಗುಂಯ್‌ಗುಟ್ಟಿಸುತ್ತದೆ.

ಇದನ್ನು ಜೋಡಿಸಿದ ದಿನ ಅವನು ಎರಡು ಸಲ ಕೆಳಗೆ ಕೂತಿದ್ದ. ಏನಾಯ್ತು ಎಂದಿದ್ದಕ್ಕೆ ಬಿಸಿಲು ಎಂದಿದ್ದ. ಅವಳು ನೀರು ಕೊಟ್ಟು ಒಳಗೆ ಹೋಗಿದ್ದಳು.

ಅವಳು ಅಲ್ಲೇ ಮಲಗಿ ಶಾಫ್ಟಿಗೆ ಮುಷ್ಟಿಯಿಂದ ಗುದ್ದಿದಳು. ಕೈ ನೋಯಿತು, ಅಷ್ಟೇ.

ಬಿಚ್ಚಿ, ಗೀರಿಗೆ ಗೀರು ಕೂಡಿಸಿ, ಬೋಲ್ಟು ಬಿಗಿದರು. ಹಾರ್ನ್ ಗಾಡಿ ಓಡಿಸಿ ನೋಡಲು ಹೋದಾಗ ಮೈದುನ ದನಿ ತಗ್ಗಿಸಿದ.

"ಬೇರಿಂಗೇ ಹೋಗಿತ್ತು ಅಂದ್ಬಿಡೋಣ ಅತ್ತಿಗೆ. ಹೇಗೂ ಹೊಸದು ಹಾಕಿದೀನಲ್ಲ. ಸತ್ತೋನ ಕೈ ತಪ್ಪಿತ್ತು ಅಂತ ಡಂಗುರ ಯಾಕೆ?"

ಗಾಡಿ ಸದ್ದಿಲ್ಲದೆ ಬಂದು ನಿಂತಿತು.

"ಏನಾಗಿತ್ತಕ್ಕಾ?"

"ಶಾಫ್ಟ್ ಎರಡು ಹಲ್ಲು ತಪ್ಪಿ ಕೂತಿತ್ತು. ಕೂರ್ಸಿದ್ದು ನಮ್ಮವ್ರೇ. ಮುಂದಿನ ಬೇರಿಂಗ್ ಸರಿಯಾಗೇ ಇತ್ತು, ಹಳೇದನ್ನ ತಗೊಂಡು ಹೋಗಿ."

ಮೈದುನ ತಲೆ ಚಚ್ಚಿಕೊಂಡ. ಹಾರ್ನ್ ಹಳೆಯ ಬೇರಿಂಗನ್ನು ಎತ್ತಿ ಸೀಟಿನಡಿ ಇಟ್ಟ.

"ನಾಳೆ ಎರಡನೇ ಗಾಡಿ ತರ್ತೀನಿ," ಎಂದ. "ಸದ್ದು ಕೇಳೋದು ನೀವು. ಇವನ ಕಿವಿ ಬರೀ ಬೀಡಿ ಸಿಗಿಸೋಕೆ."

ಅವಳಿಗೆ ನಗು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಕಡ್ಡಿ ಒರೆಸಿಕೊಂಡು ರಸ್ತೆ ದಾಟಿದಳು.

ಅಜ್ಜ ಬಾನೆಟ್ಟು ಎತ್ತಿದ ಗಾಡಿಯೊಂದರ ಮುಂದೆ ನಿಂತಿದ್ದ. ಇಂಜಿನ್ ಓಡುತ್ತಿತ್ತು.

"ಇದು ನಿಮ್ದಂತೆ."

"ಮಾರನೇ ಬೆಳಿಗ್ಗೆನೇ ಕೊಡ್ತೀನಿ ಅಂದಿದ್ದ," ಎಂದ ಅಜ್ಜ. "ಜೋಡಿಸಿದ್ದು ಯಾಕೋ ಸರಿ ಬಂದಿಲ್ಲ, ಕೇಳಿ ನೋಡ್ಬೇಕು ಅಂದ. ಎಡಗೈ ಉಜ್ಜಿಕೊಳ್ತಾ ಇದ್ದ. ಏನಾಯ್ತೋ ಅಂದೆ. ಸ್ಪ್ಯಾನರ್ ಜಾರಿ ಬಡೀತು ಅಂದ."

"ನನಗೆ ಬಿಸಿಲು ಅಂದ್ರು. ನಾನೂ ನಂಬಿಬಿಟ್ಟೆ."

ಅಜ್ಜ ಕಡ್ಡಿಯನ್ನು ಇಸಿದುಕೊಂಡು ತುದಿಯನ್ನು ಇಂಜಿನ್ನಿಗೆ ಊರಿ, ಗುಬುಟಿಗೆ ಕಿವಿಯೊಡ್ಡಿದ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಾಗ, ಕಣ್ಣು ಮುಚ್ಚಿಕೊಂಡೇ ತಾಳು ಎಂಬಂತೆ ಒಂದು ಕೈ ಎತ್ತಿದ. ಅವಳು ಬರಿಗೈಯಲ್ಲಿ ನಿಂತೇ ಇದ್ದಳು. ಆ ಕೈ ಬೇಗ ಇಳಿಯಲಿಲ್ಲ.